ರೆಂಡರ್ ಒತ್ತಿದ ಐದೇ ಸೆಕೆಂಡಿಗೆ 100 ಡಿಗ್ರಿ. ಪ್ರೊಸೆಸರ್ ಹೋಯ್ತಾ?

ನಿದ್ದೆಗೆಟ್ಟ ಎಡಿಟರ್

ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್‌ಗೆ ನಾಲ್ಕು ವರ್ಷ ಆಯಿತು. ಆರು ಕೋರ್‌ನ 65 ವ್ಯಾಟ್ ಪ್ರೊಸೆಸರ್, ಅದರ ಡಬ್ಬದಲ್ಲೇ ಬಂದ ಕೂಲರ್. ಇಷ್ಟು ದಿನ ಒಂದು ತಕರಾರೂ ಇರಲಿಲ್ಲ. ಈಗ ಒಂದು ತಿಂಗಳಿಂದ ವಿಡಿಯೋ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ಫೈಲ್ ಮಾಡಲು) ಹಾಕಿದ ಕೂಡಲೇ ಫ್ಯಾನ್ ಕಿರುಚಲು ಶುರು ಮಾಡುತ್ತದೆ. 20 ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ 50 ನಿಮಿಷ. ಈ ವಾರ ಎರಡು ಸಲ ಪಟ್ ಅಂತ ಆಫ್ ಆಗಿದೆ. ನೀಲಿ ಪರದೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಒಂದು ಸಾಲು ಇದೆ ಅಷ್ಟೇ.

ಪ್ರೊಸೆಸರ್ ಬಿಸಿ ತೋರಿಸುವ ಕೋರ್ ಟೆಂಪ್ ತಂತ್ರಾಂಶ ಹಾಕಿ ನೋಡಿದೆ. ಸುಮ್ನೆ ಇದ್ದಾಗ 54, ರೆಂಡರ್‌ನಲ್ಲಿ 100. ಕೋಣೆಯಲ್ಲಿ 28 ಡಿಗ್ರಿ. ಹೊಸ ಪ್ರೊಸೆಸರ್ ತಗೊಳ್ಳಬೇಕಾ? ಡೆಡ್‌ಲೈನ್ ತಲೆ ಮೇಲಿದೆ.

ಗುಬ್ಬಿಗೂಡು

ಧೂಳು. ನೂರಕ್ಕೆ ತೊಂಬತ್ತು ಸಲ ಧೂಳೇ. ಮುಚ್ಚಳ ತೆಗೆದು ಊದಿ.

ರಾತ್ರಿಪಾಳಿ

ನನಗೂ ಹೀಗೇ ಆಗಿತ್ತು. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿದೆ, ಸರಿಹೋಯಿತು. ಮೊದಲು ಪೇಸ್ಟ್ ತರಿಸಿ.

ಹಳೇ ಸ್ಕ್ರೂ

ಸ್ವಲ್ಪ ತಡೀರಿ. ಏನನ್ನೂ ತರಿಸಬೇಡಿ, ಏನನ್ನೂ ಬಿಚ್ಚಬೇಡಿ. ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿ. 100 ತಲುಪಲು ಎಷ್ಟು ಹೊತ್ತು ಬೇಕಾಯಿತು? ಶೀರ್ಷಿಕೆಯಲ್ಲಿ ಐದು ಸೆಕೆಂಡ್ ಅಂತ ಬರೆದಿದ್ದೀರಿ. ಅದು ಗಡಿಯಾರ ನೋಡಿ ಬರೆದದ್ದೋ, ಸಿಟ್ಟಿನಲ್ಲಿ ಬರೆದದ್ದೋ?

ಬಿಸಿ, ವೇಗ ಎಲ್ಲ ದಾಖಲಿಸುವ ಎಚ್‌ಡಬ್ಲ್ಯು ಇನ್ಫೋ ತಂತ್ರಾಂಶ ಹಾಕಿಕೊಳ್ಳಿ. ಸೆಕೆಂಡಿಗೊಮ್ಮೆ ಲಾಗ್ ಆಗುವ ಹಾಗೆ ಇಡಿ. ಆಮೇಲೆ ಪ್ರೊಸೆಸರ್‌ಗೆ ಪೂರ್ತಿ ಲೋಡ್ (ಕೆಲಸದ ಹೊರೆ) ಕೊಡುವ ಸಿನೆಬೆಂಚ್ ಪರೀಕ್ಷೆ ಓಡಿಸಿ, ಮೊದಲ ಹತ್ತು ಸೆಕೆಂಡಿನ ಅಂಕಿ ಇಲ್ಲಿ ಹಾಕಿ. ಜೊತೆಗೆ ಕ್ಲಾಕ್ ಸ್ಪೀಡ್, ಅಂದರೆ ಪ್ರೊಸೆಸರ್ ಓಡುವ ವೇಗ ಕೂಡ ಬೇಕು.

ಇನ್ನೊಂದು ಮಾತು. ಕರ್ನಲ್-ಪವರ್ 41 ಅಂದರೆ ಬಿಸಿಯಿಂದಲೇ ಆಫ್ ಆಯಿತು ಅಂತಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಕರೆಂಟ್ ಹೋಯಿತು ಅಂತ ಮಾತ್ರ ಅದು ಹೇಳುತ್ತದೆ. ಪವರ್ ಸಪ್ಲೈ ಕೆಟ್ಟರೂ ಇದೇ ಸಾಲು ಬರುತ್ತದೆ.

ನಿದ್ದೆಗೆಟ್ಟ ಎಡಿಟರ್

ಸಿಟ್ಟಿನಲ್ಲೇ ಬರೆದದ್ದು ಸರ್, ಆದರೆ ನಿಜವೂ ಹೌದು. ಲಾಗ್ ಹೀಗಿದೆ, ಸೆಕೆಂಡಿಗೊಂದರಂತೆ: 54, 81, 88, 94, 98, 100, ಆಮೇಲೆ 100ರಲ್ಲೇ ನಿಂತಿದೆ. ಕ್ಲಾಕ್ 4 ಗಿಗಾಹರ್ಟ್ಸ್‌ನಲ್ಲಿ ಶುರುವಾಗಿ 1.9ಕ್ಕೆ ಇಳಿಯಿತು. ನಿಲ್ಲಿಸಿದ ತಕ್ಷಣ 75ಕ್ಕೆ ಬಿತ್ತು. ಪ್ರೊಸೆಸರ್‌ನ ಗರಿಷ್ಠ ಮಿತಿ 100 ಅಂತ ತೋರಿಸುತ್ತಿದೆ.

ಹಳೇ ಸ್ಕ್ರೂ

ಪ್ರೊಸೆಸರ್ ಹೋಗಿಲ್ಲ. ತನ್ನ ಕೆಲಸ ತಾನು ಸರಿಯಾಗಿಯೇ ಮಾಡುತ್ತಿದೆ. ಮಿತಿ ತಲುಪಿದಾಗ ತಾನೇ ವೇಗ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತಿದೆ. ಥ್ರಾಟ್ಲಿಂಗ್ ಅನ್ನುವುದು ಇದಕ್ಕೇ. ನಿಮ್ಮ 20 ನಿಮಿಷ 50 ಆದದ್ದು ಈ 1.9 ಗಿಗಾಹರ್ಟ್ಸ್‌ನಿಂದ. ವೇಗ ಇಳಿಸಿದರೂ ಬಿಸಿ ನಿಲ್ಲದಿದ್ದರೆ ಕೊನೆಗೆ ಕರೆಂಟನ್ನೇ ಕತ್ತರಿಸಿಕೊಳ್ಳುತ್ತದೆ.

ಈಗ ನಿಮ್ಮ ಲಾಗ್ ನೋಡೋಣ. ಲೋಡ್ ಬಿದ್ದ ಮೊದಲ ಸೆಕೆಂಡಿನಲ್ಲಿ 15–25 ಡಿಗ್ರಿ ಜಿಗಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಸಿಲಿಕಾನ್ ಚಿಕ್ಕದು, ತಕ್ಷಣ ಬಿಸಿಯಾಗುತ್ತದೆ. ಅದಾದ ಮೇಲೆ ಏನಾಗುತ್ತದೆ ಅನ್ನುವುದು ಮುಖ್ಯ. ಕೂಲರ್ ಸರಿಯಾಗಿ ಅಂಟಿಕೊಂಡಿದ್ದರೆ ಆ ಬಿಸಿ ಕಾಲು ಕೆಜಿ ಅಲ್ಯೂಮಿನಿಯಂ ಒಳಗೆ ಇಳಿಯಬೇಕು. ಅಷ್ಟು ಲೋಹ ಕಾಯಲು ನಿಮಿಷಗಳೇ ಬೇಕು. ಹಾಗಾಗಿ ಅಂಕಿ ನಿಧಾನವಾಗಿ ಏರಬೇಕು. ನಿಮ್ಮದು ಸೆಕೆಂಡಿಗೆ ಸುಮಾರು ಐದು ಡಿಗ್ರಿ ಏರುತ್ತಿದೆ. ಅಂದರೆ ಬಿಸಿ ಕೂಲರ್‌ಗೆ ದಾಟುತ್ತಲೇ ಇಲ್ಲ. ಚಿಪ್ ಮೇಲಿನ ಲೋಹದ ಮುಚ್ಚಳ ಮಾತ್ರ ಕಾಯುತ್ತಿದೆ.

ಧೂಳಾಗಿದ್ದರೆ ಹೀಗಾಗುವುದಿಲ್ಲ. ಧೂಳು, ಗಾಳಿಯಾಟದ ತೊಂದರೆ ಇದ್ದರೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ಏರಿ ಏರಿ ಮಿತಿ ಮುಟ್ಟುತ್ತದೆ. ನಾನು ಎಷ್ಟು ಡಿಗ್ರಿ ಅಂತ ಮೊದಲು ಕೇಳುವುದೇ ಇಲ್ಲ. ಎಷ್ಟು ಬೇಗ ಅಂತ ಕೇಳುತ್ತೇನೆ.

ಒಂದು ಪರೀಕ್ಷೆ ಮಾಡಿ. ಲೋಡ್ ಇರುವಾಗಲೇ ಹೀಟ್‌ಸಿಂಕ್‌ನ, ಅಂದರೆ ಕೂಲರ್‌ನ ಲೋಹದ ಭಾಗದ ಅಂಚನ್ನು ಬೆರಳಿನಿಂದ ಮುಟ್ಟಿ. ಫ್ಯಾನ್‌ಗೆ ಬೆರಳು ತಾಗದಂತೆ ಹುಷಾರು.

ನಿದ್ದೆಗೆಟ್ಟ ಎಡಿಟರ್

ಮುಟ್ಟಿದೆ. ಆಶ್ಚರ್ಯ! ಬೆಚ್ಚಗಿದೆ ಅಷ್ಟೇ. ಪರದೆ ಮೇಲೆ 100 ತೋರಿಸುತ್ತಿದೆ, ಇಲ್ಲಿ ಬೆರಳಿಟ್ಟುಕೊಂಡು ಆರಾಮಾಗಿ ನಿಲ್ಲಬಹುದು.

ಗುಬ್ಬಿಗೂಡು

ಸೋತೆ. ಆದರೂ ಧೂಳು ತೆಗೀರಿ, ನಷ್ಟ ಏನಿಲ್ಲ.

ಮಳೆಬಿಲ್ಲು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಎಎಂಡಿಯ ರೈಜನ್ 7600ಎಕ್ಸ್ ಪ್ರೊಸೆಸರ್. ಹೊಸ ಟವರ್ ಕೂಲರ್ (ಎತ್ತರದ ದೊಡ್ಡ ಕೂಲರ್) ಇದೆ. ಸಿನೆಬೆಂಚ್ ಓಡಿಸಿದರೆ ಕೆಲವೇ ಸೆಕೆಂಡಿಗೆ 95. ನನ್ನದೂ ಅಂಟಿಕೊಂಡಿಲ್ಲವಾ?

ಸೋಲ್ಡರ್ ಅಕ್ಕ

ನಿಮ್ಮದು ಬೇರೆ ಕಥೆ. ರೈಜನ್ 7000 ಸಾಲಿನ ಎಕ್ಸ್ ಮಾದರಿಗಳನ್ನು 95 ಡಿಗ್ರಿಯವರೆಗೆ ಹೋಗುವಂತೆಯೇ ಮಾಡಿದ್ದಾರೆ. ಬಿಸಿಗೆ ಜಾಗ ಇರುವವರೆಗೂ ಅದು ವೇಗ ಹೆಚ್ಚಿಸುತ್ತಾ ಹೋಗುತ್ತದೆ. ಅದಕ್ಕೇ ಎಷ್ಟು ದೊಡ್ಡ ಕೂಲರ್ ಹಾಕಿದರೂ ಕೆಲವರಿಗೆ ಅದೇ 95 ಕಾಣುತ್ತದೆ. ನೀವು ನೋಡಬೇಕಾದದ್ದು ಕ್ಲಾಕ್. 95ರಲ್ಲೂ 5 ಗಿಗಾಹರ್ಟ್ಸ್ ಮೇಲೆ ನಿಂತಿದ್ದರೆ ನಿಶ್ಚಿಂತೆಯಿಂದ ಇರಿ.

ಆ ಅಂಕಿಯೇ ಇಷ್ಟ ಇಲ್ಲ ಅಂದರೆ ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಒಳ ಸೆಟ್ಟಿಂಗ್‌ನಲ್ಲಿ) ಇಕೋ ಮೋಡ್ ಇರುತ್ತದೆ. 65 ವ್ಯಾಟ್ ಇಕೋ ಹಾಕಿದರೆ ನಿಮ್ಮ ಪ್ರೊಸೆಸರ್ ಎಳೆಯುವ ಕರೆಂಟ್ 142 ವ್ಯಾಟ್‌ನಿಂದ 88ಕ್ಕೆ ಇಳಿಯುತ್ತದೆ. ವೇಗ ಅಷ್ಟು ಪ್ರಮಾಣದಲ್ಲಿ ಇಳಿಯುವುದಿಲ್ಲ. ನಾನು ದಿನಾ ಹಾಗೇ ಓಡಿಸುತ್ತೇನೆ.

ಹಾಂ, ಹೊಸ ಕೂಲರ್ ಅಂದಿರಿ. ತಳದಲ್ಲಿದ್ದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಿ ತಾನೇ? ನಗಬೇಡಿ. ನಾನೇ ಒಮ್ಮೆ ಮರೆತು ಮೂರು ದಿನ ತಲೆ ಕೆಡಿಸಿಕೊಂಡಿದ್ದೆ.

ಮಳೆಬಿಲ್ಲು

ಕಿತ್ತಿದ್ದೇನೆ ಅಕ್ಕ. ಕ್ಲಾಕ್ 5.1ರಲ್ಲಿದೆ. ಇಕೋ ಹಾಕಿ ನೋಡಿದೆ, 95 ಹೋಗಿ 72 ಆಯಿತು. ಆಟದಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಸುಮ್ನೆ ಹೆದರಿದ್ದೆ.

ನಿದ್ದೆಗೆಟ್ಟ ಎಡಿಟರ್

ಇವತ್ತು ಮುಚ್ಚಳ ತೆಗೆದೆ. ಧೂಳು ನಿಜವಾಗಲೂ ಇತ್ತು, ಹೀಟ್‌ಸಿಂಕ್ ಎಲೆಗಳ ನಡುವೆ ಕಂಬಳಿ ಹಾಗೆ. ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆದೆ. ಸುಮ್ನೆ ಇದ್ದಾಗಿನ 54 ಈಗ 51. ಲೋಡ್‌ನಲ್ಲಿ ಅದೇ 100, ಅದೇ ಐದು ಸೆಕೆಂಡ್.

ಸೋಲ್ಡರ್ ಅಕ್ಕ

ವ್ಯಾಕ್ಯೂಮ್ ಬೇಡ! ಅದರ ಕೊಳವೆ ತುದಿಯಲ್ಲಿ ಸ್ಟ್ಯಾಟಿಕ್ ಚಾರ್ಜ್ ಸೇರುತ್ತದೆ. ಬೋರ್ಡ್‌ಗೆ ತಾಗಿದರೆ ಕಷ್ಟ.

ಗುಬ್ಬಿಗೂಡು

ನಾನು ಹತ್ತು ವರ್ಷದಿಂದ ವ್ಯಾಕ್ಯೂಮ್ ಹಿಡಿಯುತ್ತಿದ್ದೇನೆ. ಏನೂ ಆಗಿಲ್ಲ.

ಸೋಲ್ಡರ್ ಅಕ್ಕ

ಏನೂ ಆಗಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ ಅಷ್ಟೇ. ಕೈಯಲ್ಲಿ ಹಿಡಿಯುವ ಬ್ಲೋವರ್ ಅಥವಾ ಗಾಳಿ ಡಬ್ಬ (ಒತ್ತಿ ಊದುವ ಸ್ಪ್ರೇ) ಸಾಕು, ಜೊತೆಗೆ ಮೆತ್ತನೆ ಬ್ರಷ್. ಊದುವಾಗ ಫ್ಯಾನ್ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಗಾಳಿ ರಭಸಕ್ಕೆ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಗಾಳಿ ಡಬ್ಬವನ್ನು ತಲೆಕೆಳಗು ಮಾಡಬೇಡಿ, ತಣ್ಣನೆ ದ್ರವ ಚಿಮ್ಮುತ್ತದೆ.

ಹಳೇ ಸ್ಕ್ರೂ

ಧೂಳಿನ ಕಥೆ ಅಲ್ಲಿಗೆ ಮುಗೀತು, ಮೂರು ಡಿಗ್ರಿಯದು. ಈಗ ಕೂಲರ್ ತೆಗೆಯಿರಿ. ಡಬ್ಬದ ಕೂಲರ್ ಅಂದರೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪುಶ್ ಪಿನ್ ಇರುತ್ತವೆ ಅಲ್ವಾ? ತೆಗೆಯುವ ಮೊದಲು ಒಂದೊಂದನ್ನೂ ಮೆಲ್ಲಗೆ ಅಲ್ಲಾಡಿಸಿ ನೋಡಿ. ಮೂರು ಗಟ್ಟಿಯಾಗಿದ್ದು ಒಂದು ಗಡಗಡ ಅಂದರೆ ನನಗೆ ಹೇಳಿ.

ಪಿನ್ ತಲೆಯ ಮೇಲೆ ಬಾಣದ ಗುರುತಿದೆ. ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಕೂಲರ್‌ನ್ನು ನೇರ ಮೇಲೆ ಕೀಳಬೇಡಿ. ಮೊದಲು ಐದು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗೆ ಮಾಡಿ, ಆಫ್ ಮಾಡಿ, ವೈರ್ ಕಿತ್ತು, ಆಮೇಲೆ ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿ.

ರಾತ್ರಿಪಾಳಿ

ಈ ತಿರುಚುವ ಮಾತನ್ನು ಯಾರೂ ಹಗುರವಾಗಿ ತಗೋಬೇಡಿ. ನನ್ನ ಹಳೆಯ ಕಂಪ್ಯೂಟರ್‌ನಲ್ಲಿ ಸಾಕೆಟ್‌ಗೆ ಸೇರುವ ಲೋಹದ ಮುಳ್ಳುಗಳು ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇರುವ ಬಗೆ. ಪೇಸ್ಟ್ ಒಣಗಿ ಅಂಟಾಗಿತ್ತು. ನೇರ ಎಳೆದೆ. ಲಾಕ್ ಹಾಕಿದ್ದ ಹಾಗೇ ಪ್ರೊಸೆಸರ್ ಕೂಲರ್ ಜೊತೆ ಕಿತ್ತು ಬಂತು. ಹನ್ನೊಂದು ಮುಳ್ಳು ಸೊಟ್ಟ. ಮೆಕ್ಯಾನಿಕಲ್ ಪೆನ್ಸಿಲ್‌ನ ಸೀಸದ ಕಡ್ಡಿ ತೆಗೆದು, ಆ ಟೊಳ್ಳು ತುದಿಯನ್ನು ಒಂದೊಂದೇ ಮುಳ್ಳಿಗೆ ತೊಡಿಸಿ ನೆಟ್ಟಗೆ ಮಾಡಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ಕೊನೆಗೆ ಓಡಿತು ಅನ್ನಿ.

ನಿದ್ದೆಗೆಟ್ಟ ಎಡಿಟರ್

ಹಳೇ ಸ್ಕ್ರೂ ಸರ್, ನಿಮಗೆ ಕಣಿ ಹೇಳುವುದು ಗೊತ್ತಾ? ಮೂರು ಗಟ್ಟಿ, ಒಂದು ಗಡಗಡ. ಮೆಮೊರಿ ಪಕ್ಕದ ಮೇಲಿನ ಮೂಲೆಯದು.

ತೆಗೆದ ಮೇಲೆ ಕಂಡದ್ದು: ಕೂಲರ್ ತಳದಲ್ಲಿ ಪೇಸ್ಟ್ ಒಂದೇ ಸಮ ಇಲ್ಲ. ಕೆಳಗಿನ ಒಂದು ಮೂಲೆಯಲ್ಲಿ ಉಜ್ಜಿ ಉಜ್ಜಿ ಲೋಹ ಕಾಣುವಷ್ಟು ತೆಳು. ಎದುರಿನ ಮೂಲೆಯಲ್ಲಿ ದಪ್ಪ ಬೂದು ಪದರ, ಒಣಗಿ ಬಿರುಕು ಬಿಟ್ಟಿದೆ. ಅದರ ಮೇಲೆ ಏನೂ ಒತ್ತಿದ ಗುರುತೇ ಇಲ್ಲ. ಉಗುರಿನಿಂದ ಕೆರೆದರೆ ಪುಡಿ ಪುಡಿಯಾಗಿ ಉದುರಿತು.

ಈಗ ಒಂದು ತಪ್ಪೊಪ್ಪಿಗೆ. ತಿಂಗಳ ಹಿಂದೆ ಟೇಬಲ್ ಬದಲಿಸುವಾಗ ಕ್ಯಾಬಿನೆಟ್ ಪಕ್ಕಕ್ಕೆ ಬಿದ್ದಿತ್ತು. ಆನ್ ಆಯಿತಲ್ಲ ಅಂತ ಮರೆತುಬಿಟ್ಟಿದ್ದೆ.

ಗುಬ್ಬಿಗೂಡು

ಇದನ್ನು ಮೊದಲೇ ಹೇಳಿದ್ದರೆ ನಾನು ಧೂಳು ಅಂತಿರಲಿಲ್ಲ ಮಾರಾಯ್ರೆ!

ಹಳೇ ಸ್ಕ್ರೂ

ಡಾಕ್ಟರ್ ಹತ್ತಿರವೂ ಎಲ್ಲರೂ ಕೊನೆಗೇ ಹೇಳುವುದು, ಬಿಡಿ.

ಹಳೇ ಪೇಸ್ಟ್ ಪೂರ್ತಿ ತೆಗೆಯಿರಿ. 90 ಪರ್ಸೆಂಟ್ ಮೇಲಿನ ಐಸೊಪ್ರೊಪೈಲ್ ಆಲ್ಕೊಹಾಲ್, ನಾರು ಬಿಡದ ಬಟ್ಟೆ. ನೀರು ಬೇಡ, ಚಾಕು ಬೇಡ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು, ನಡುವೆ. ಹರಡಬೇಡಿ, ಕೂಲರ್ ಒತ್ತಿದಾಗ ತಾನೇ ಹರಡುತ್ತದೆ.

ರಾತ್ರಿಪಾಳಿ

ಬಟಾಣಿ ಸಾಲಲ್ಲ. ನಾನು ಯಾವಾಗಲೂ ಅಡ್ಡಗೆರೆ ಉದ್ದಗೆರೆ ಹಾಕಿ ಪೂರ್ತಿ ತುಂಬಿಸುತ್ತೇನೆ. ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ?

ಸೋಲ್ಡರ್ ಅಕ್ಕ

ಈ ಜಗಳ ಮುಗಿಯುವಂಥದ್ದಲ್ಲ. ಆದರೂ ಲೆಕ್ಕ ಹೇಳುತ್ತೇನೆ. ಶಾಖ ದಾಟಿಸುವ ಶಕ್ತಿ ಗಾಳಿಗೆ 0.026, ಸಾಮಾನ್ಯ ಪೇಸ್ಟ್‌ಗೆ 4ರಿಂದ 8, ತಾಮ್ರಕ್ಕೆ ಸುಮಾರು 400. ಅಳತೆ ಎಲ್ಲದಕ್ಕೂ ಒಂದೇ, ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್. ಗಾಳಿಗೆ ಹೋಲಿಸಿದರೆ ಪೇಸ್ಟ್ ದೇವರು. ತಾಮ್ರದ ಎದುರು ಅದು ಗೋಡೆ. ಹಾಗಾಗಿ ಎರಡು ಲೋಹದ ನಡುವಿನ ಸಣ್ಣ ಗುಂಡಿಗಳಲ್ಲಿ ಗಾಳಿ ಉಳಿಯದಷ್ಟು ಪೇಸ್ಟ್ ಬೇಕು, ಅದಕ್ಕಿಂತ ದಪ್ಪ ಬೇಡ. ಒತ್ತಡ ಸರಿ ಇದ್ದರೆ ಜಾಸ್ತಿಯಾದದ್ದು ಅಂಚಿನಿಂದ ಹೊರಬರುತ್ತದೆ, ಗಲೀಜು ಆಗುತ್ತದೆ ಅಷ್ಟೇ. ಕಡಿಮೆ ಹಾಕುವುದೇ ನಿಜವಾದ ತಪ್ಪು. ಪೇಸ್ಟ್ ಬದಲು ಹಚ್ಚುವ, ಗಲ್ಲಿಯಂ ಇರುವ ಲಿಕ್ವಿಡ್ ಮೆಟಲ್ ವಿಷಯಕ್ಕೆ ಮಾತ್ರ ಹೋಗಬೇಡಿ. ಅದು ಅಲ್ಯೂಮಿನಿಯಂ ತಿನ್ನುತ್ತದೆ, ಚೆಲ್ಲಿದರೆ ಕರೆಂಟ್ ಹರಿಸುತ್ತದೆ.

ಅರ್ಧಚಾರ್ಜ್

ಲ್ಯಾಪ್‌ಟಾಪ್‌ನವರ ಗೋಳು ಯಾರೂ ಕೇಳಲ್ವಾ? ನನ್ನದು ಏನೂ ಮಾಡದಿದ್ದರೂ ಕುದಿಯುತ್ತದೆ. ಬ್ರೌಸರ್ ಕೂಡ ತೆರೆದಿಲ್ಲ, 85 ಡಿಗ್ರಿ. ಹಾಸಿಗೆ ಮೇಲೆ ಇಟ್ಟುಕೊಳ್ಳುವುದು ನಿಜ.

ಹಳೇ ಸ್ಕ್ರೂ

ಮೊದಲು ಹಾಸಿಗೆಯಿಂದ ಎತ್ತಿ. ಗಾಳಿ ಎಳೆದುಕೊಳ್ಳುವ ಕಿಂಡಿ ತಳದಲ್ಲಿದೆ, ಅದನ್ನು ನೀವು ಹೊದಿಕೆಯಿಂದ ಮುಚ್ಚಿದ್ದೀರಿ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಕಾಲಂ ಮೇಲೆ ಒತ್ತಿ. ಏನೂ ಮಾಡದ ಯಂತ್ರ 85 ಇರುವುದಿಲ್ಲ. ಯಾರೋ ಹಿಂದೆ ಕೆಲಸ ಮಾಡುತ್ತಿದ್ದಾರೆ.

ಅರ್ಧಚಾರ್ಜ್

ಹೌದು! ಫೋಟೋ ಬ್ಯಾಕಪ್ ತಂತ್ರಾಂಶ ಒಂದು ಹಾಳಾದ ಫೈಲ್‌ನಲ್ಲಿ ಸಿಕ್ಕಿಕೊಂಡು ಎರಡು ಕೋರ್ ತಿನ್ನುತ್ತಾ ಕೂತಿತ್ತು. ನಿಲ್ಲಿಸಿದೆ. 85 ಈಗ 52. ಆದರೆ ಆಟ ಆಡುವಾಗ 97 ಹೋಗುತ್ತೆ.

ಸೋಲ್ಡರ್ ಅಕ್ಕ

ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಆಟದ ಹೊತ್ತಿಗೆ 90 ದಾಟುವುದು ಮಾಮೂಲು. ಹಿಂದಿನ ಅಂಚನ್ನು ಎರಡು ಬೆರಳಿನಷ್ಟು ಎತ್ತಿ ಇಡಿ, ಅಷ್ಟಕ್ಕೇ ಕೆಲವು ಡಿಗ್ರಿ ಇಳಿಯುತ್ತದೆ. ಒಳಗೆ ಫ್ಯಾನ್‌ಗೂ ತಾಮ್ರದ ಎಲೆಗಳಿಗೂ ನಡುವೆ ನಾರಿನ ಪದರ ಕಟ್ಟಿರುತ್ತದೆ. ಹೊರಗಿನಿಂದ ಊದಿದರೆ ಅದು ಅಲ್ಲೇ ಜಾಗ ಬದಲಿಸುತ್ತದೆ ಅಷ್ಟೇ. ತಳ ಬಿಚ್ಚಿ, ಫ್ಯಾನ್ ಎತ್ತಿ, ಚಿಮುಟದಿಂದ ಎಳೆದು ತೆಗೆಯಬೇಕು. ಬಿಚ್ಚಿದ ಕೂಡಲೇ ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ.

ಬಿಚ್ಚುವ ಧೈರ್ಯ ಇಲ್ಲದಿದ್ದರೆ ವಿಂಡೋಸ್ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99 ಪರ್ಸೆಂಟ್ ಮಾಡಿ. ಹೆಚ್ಚಿನ ಯಂತ್ರಗಳಲ್ಲಿ ಟರ್ಬೊ ಬೂಸ್ಟ್ (ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ. ಬಿಸಿ ಧಡಕ್ಕನೆ ಇಳಿಯುತ್ತದೆ, ವೇಗವೂ ಇಳಿಯುತ್ತದೆ. ಬರವಣಿಗೆ, ಬ್ರೌಸಿಂಗ್‌ಗೆ ಧಾರಾಳ ಸಾಕು.

ಗುಬ್ಬಿಗೂಡು

ಅಂಡರ್‌ವೋಲ್ಟ್ ಮಾಡಿದರೆ, ಅಂದರೆ ಪ್ರೊಸೆಸರ್‌ಗೆ ಕೊಡುವ ವೋಲ್ಟೇಜ್ ಇಳಿಸಿದರೆ, ವೇಗ ಕಳೆದುಕೊಳ್ಳದೆ ಬಿಸಿ ಇಳಿಸಬಹುದಲ್ಲ?

ಸೋಲ್ಡರ್ ಅಕ್ಕ

ಮಾಡಬಹುದು, ಬೀಗ ಇಲ್ಲದಿದ್ದರೆ. ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 1.30 ವೋಲ್ಟ್ ಇದ್ದದ್ದನ್ನು 1.20 ಮಾಡಿದರೆ ಅದೇ ವೇಗಕ್ಕೆ ಸುಮಾರು 15 ಪರ್ಸೆಂಟ್ ಕಡಿಮೆ ಬಿಸಿ. ಆದರೆ 2019ರ ಕೊನೆಯಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಹೊರಬಿತ್ತು. ಆಮೇಲೆ ಬಂದ ಬಯೋಸ್ ಅಪ್‌ಡೇಟ್‌ಗಳು ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಆ ದಾರಿ ಮುಚ್ಚಿಬಿಟ್ಟವು.

ನಿದ್ದೆಗೆಟ್ಟ ಎಡಿಟರ್

ಮತ್ತೆ ನಾನು. ಅಳು ಬರುತ್ತಿದೆ. ಪೇಸ್ಟ್ ಹೊಸದು ಹಾಕಿದೆ, ಪಿನ್‌ಗಳನ್ನು ಒಂದು ಬಿಟ್ಟು ಒಂದರಂತೆ ಎದುರು ಮೂಲೆಗೆ ಒತ್ತಿದೆ, ನಾಲ್ಕೂ ಟಕ್ ಅಂದವು. ಆದರೂ 100. ಮೊದಲು ಐದು ಸೆಕೆಂಡ್, ಈಗ ಒಂಬತ್ತು.

ಹಳೇ ಸ್ಕ್ರೂ

ಐದು ಒಂಬತ್ತಾಗಿದೆ ಅಂದರೆ ದಾರಿ ಸರಿ ಇದೆ, ಒತ್ತಡ ಮಾತ್ರ ಇನ್ನೂ ಸಾಲದು. ಟಕ್ ಶಬ್ದ ನಂಬಬೇಡಿ. ಮದರ್‌ಬೋರ್ಡ್‌ನ ಬೆನ್ನು ನೋಡಿ. ನಾಲ್ಕು ತೂತಿನಲ್ಲೂ ಬಿಳಿ ಕಾಲು ಎರಡಾಗಿ ಸೀಳಿಕೊಂಡಿರಬೇಕು, ನಡುವೆ ಕಪ್ಪು ಕಡ್ಡಿ ಇಣುಕಬೇಕು. ಗಡಗಡ ಅಂದ ಆ ಮೂಲೆಯ ಫೋಟೋ ಹಾಕಿ.

ನಿದ್ದೆಗೆಟ್ಟ ಎಡಿಟರ್

ಫೋಟೋ ಹಾಕಿದ್ದೇನೆ. ಬಿಳಿ ಕಾಲಿನ ಒಂದು ಸೀಳು ಮುರಿದೇ ಹೋಗಿದೆ. ಇನ್ನೊಂದು ಒಳಗೆ ಮಡಚಿಕೊಂಡಿದೆ.

ಹಳೇ ಸ್ಕ್ರೂ

ಸಿಕ್ಕಿಬಿತ್ತು. ಬಿದ್ದ ದಿನ ಮುರಿದದ್ದು. ಇನ್ನು ಎಷ್ಟು ಪೇಸ್ಟ್ ಹಾಕಿದರೂ ಪ್ರಯೋಜನ ಇಲ್ಲ. ಗೋಂದು, ದಾರ, ಟೈ ಅಂತ ಏನೂ ಪ್ರಯೋಗ ಬೇಡ, ದಯವಿಟ್ಟು. ಬೋರ್ಡ್ ಹಿಂದೆ ಲೋಹದ ತಟ್ಟೆ ಕೊಟ್ಟು ಸ್ಕ್ರೂ ಹಾಕುವ ಟವರ್ ಕೂಲರ್ ತಗೊಳ್ಳಿ, 120 ಮಿಲಿಮೀಟರ್ ಫ್ಯಾನ್ ಇರುವ ಸಾಧಾರಣದ್ದು ಸಾಕು. ತಗೊಳ್ಳುವ ಮೊದಲು ಎರಡು ನೋಡಿ: ನಿಮ್ಮ ಸಾಕೆಟ್‌ಗೆ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ) ಹೊಂದುತ್ತಾ, ಎತ್ತರ ಕ್ಯಾಬಿನೆಟ್‌ಗೆ ಹಿಡಿಸುತ್ತಾ. ನೀರಿನ ಕೂಲರ್ ನಿಮ್ಮ 65 ವ್ಯಾಟ್‌ಗೆ ದಂಡ. ಅದರ ಪಂಪ್ ನಿಂತರೂ ಇದೇ ಥರ ಸೆಕೆಂಡುಗಳಲ್ಲಿ 100 ಹೊಡೆಯುತ್ತದೆ. ಕೆಡಬಹುದಾದ ಭಾಗ ಇನ್ನೊಂದು ಯಾಕೆ?

ನಿದ್ದೆಗೆಟ್ಟ ಎಡಿಟರ್

ಒಂದು ವಾರದ ನಂತರದ ವರದಿ. ಟವರ್ ಕೂಲರ್ ಕೂರಿಸಿದೆ. ಮುಚ್ಚಳ ತೆರೆದಿಟ್ಟು ಓಡಿಸಿದಾಗ ಸುಮ್ನೆ ಇದ್ದರೆ 36. ಲೋಡ್‌ನಲ್ಲಿ ಮೊದಲ ಸೆಕೆಂಡ್ 58, ಆಮೇಲೆ ಮೆಲ್ಲಗೆ ಏರಿ 70ರಲ್ಲಿ ನಿಂತಿತು. ಕುಣಿದಾಡಿಬಿಟ್ಟೆ!

ಮುಚ್ಚಳ ಹಾಕಿದೆ. ಹತ್ತು ನಿಮಿಷಕ್ಕೆ 76, ಇಪ್ಪತ್ತಕ್ಕೆ 81, ಮೂವತ್ತೈದಕ್ಕೆ 86. ನಿಲ್ಲುತ್ತಲೇ ಇಲ್ಲ. ಈ ಸಲ ನಿಧಾನವಾಗಿ ಏರುತ್ತಿದೆ ಸರ್. ನೀವು ಹೇಳಿದ ಎರಡನೇ ಬಗೆ ಅಲ್ವಾ ಇದು?

ಹಳೇ ಸ್ಕ್ರೂ

ನೀವೇ ಕಂಡುಹಿಡಿದಿರಿ. ಬಿಸಿ ಈಗ ಕೂಲರ್‌ಗೆ ದಾಟುತ್ತಿದೆ, ಕ್ಯಾಬಿನೆಟ್‌ನಿಂದ ಹೊರಗೆ ದಾಟುತ್ತಿಲ್ಲ. ಮುಚ್ಚಳ ತೆರೆದರೆ 16 ಡಿಗ್ರಿ ವ್ಯತ್ಯಾಸ ಅಂದರೆ ಗಾಳಿಯ ದಾರಿ ಎಲ್ಲೋ ಕಟ್ಟಿದೆ. ಫ್ಯಾನ್ ಎಷ್ಟಿವೆ? ಟಿಶ್ಯೂ ಕಾಗದದ ತೆಳು ಪಟ್ಟಿ ಒಂದೊಂದರ ಹೊರಗೆ ಹಿಡಿಯಿರಿ. ಮುಂದಿನದು ಕಾಗದ ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು.

ನಿದ್ದೆಗೆಟ್ಟ ಎಡಿಟರ್

ಮುಂದೆ ಒಂದು, ಹಿಂದೆ ಒಂದು. ಎರಡೂ ಹೊರಗೆ ತಳ್ಳುತ್ತಿವೆ. ಮುಂದಿನದನ್ನು ಎರಡು ವರ್ಷದ ಹಿಂದೆ ನಾನೇ ಹಾಕಿದ್ದು. ಹೆಸರಿನ ಸ್ಟಿಕರ್ ಚೆನ್ನಾಗಿ ಕಾಣಲಿ ಅಂತ ಆ ಮುಖ ಹೊರಗೆ ಇಟ್ಟಿದ್ದೆ.

ಸೋಲ್ಡರ್ ಅಕ್ಕ

ಸ್ಟಿಕರ್ ಮತ್ತು ಕಡ್ಡಿಗಳಿರುವ ಮುಖದಿಂದಲೇ ಗಾಳಿ ಹೊರಬರುವುದು. ಅಂದರೆ ಎರಡು ವರ್ಷದಿಂದ ನಿಮ್ಮ ಕ್ಯಾಬಿನೆಟ್ ಉಸಿರು ಬಿಡುತ್ತಲೇ ಇತ್ತು, ಒಳಗೆ ಎಳೆದುಕೊಂಡೇ ಇಲ್ಲ.

ಗುಬ್ಬಿಗೂಡು

ಸ್ಟಿಕರ್ ಚೆನ್ನಾಗಿ ಕಾಣಲಿ ಅಂತ! ಇದನ್ನು ಕಟ್ಟು ಹಾಕಿಸಿ ಇಡಬೇಕು.

ನಿದ್ದೆಗೆಟ್ಟ ಎಡಿಟರ್

ನಗಿ ನಗಿ. ಫ್ಯಾನ್ ತಿರುಗಿಸಿದೆ, ಮುಂದಿನ ಜಾಲರಿ ತೊಳೆದು ಒಣಗಿಸಿ ಹಾಕಿದೆ. ಮುಚ್ಚಳ ಮುಚ್ಚಿ ಒಂದು ಗಂಟೆ ಓಡಿಸಿದ್ದೇನೆ. ಇಪ್ಪತ್ತನೇ ನಿಮಿಷಕ್ಕೆ 74, ಅರವತ್ತನೇ ನಿಮಿಷಕ್ಕೂ 74. ಕ್ಲಾಕ್ 4 ಬಿಟ್ಟು ಕದಲಿಲ್ಲ. ಅದೇ ವಿಡಿಯೋ 19 ನಿಮಿಷಕ್ಕೆ ರೆಂಡರ್ ಆಯಿತು. ಆಫ್ ಆಗುವುದೂ ನಿಂತಿದೆ.

ಹಳೇ ಸ್ಕ್ರೂ

ಚೆನ್ನಾಗಿದೆ. ಆ ಲಾಗ್ ಫೈಲ್ ಅಳಿಸಬೇಡಿ, ಕೋಣೆಯ ಉಷ್ಣಾಂಶವನ್ನೂ ಅದರಲ್ಲಿ ಬರೆದಿಡಿ. ಕೋಣೆ ಹತ್ತು ಡಿಗ್ರಿ ಜಾಸ್ತಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಹತ್ತು ಏರುತ್ತದೆ, ಆಗ ಗಾಬರಿಯಾಗಬೇಡಿ. ಆರು ತಿಂಗಳಿಗೊಮ್ಮೆ ಜಾಲರಿ ತೊಳೆದು ಅದೇ ಪರೀಕ್ಷೆ ಓಡಿಸಿ, ಹಳೇ ಲಾಗ್, ಹೊಸ ಲಾಗ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನಿದ್ದೆಗೆಟ್ಟ ಎಡಿಟರ್

ಆಯಿತು ಸರ್. ಕೊನೆಯ ಪ್ರಶ್ನೆ. ಹಳೇ ಕೂಲರ್‌ನ ಫ್ಯಾನ್ ಚೆನ್ನಾಗೇ ಇದೆ. ಅದನ್ನು ಮೇಲ್ಗಡೆ ಕಿಂಡಿಗೆ ಕಟ್ಟಿದರೆ ಹೇಗೆ?

ಸೋಲ್ಡರ್ ಅಕ್ಕ

ಯಾವ ಮುಖ ಹೊರಗೆ ಇಡ್ತೀರಿ ಅಂತ ಮೊದಲು ಹೇಳಿ.